ಆರಿಹೋದ ನೀರಿನ ಜಾಡು

ಮಾರ್ಗಶಿರ ಮಾಸದ ಬೆಳಗಿನ ಜಾವ, ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ 175 ಅಡಿ ಎತ್ತರದ ಜೋಡಿಗೋಪುರಗಳು ನಡುವಿನಿಂದ ಮೇಲಕ್ಕೆ ಮಂಜಿನಲ್ಲಿ ಮರೆಯಾಗಿರುವ ಹೊತ್ತಿನಲ್ಲಿ, ಲಷ್ಕರ್ ಮೊಹಲ್ಲಾದ ಓಣಿಗಳಲ್ಲಿ ಎಚ್ಚೆತ್ತ ಮನೆಗಳಿಂದ ಕೇಳಿಬರುವ ಮೊದಲ ಮಾತು ‘ನೀರು ಕಾದಿದೆಯೇ?’ ಎಂಬುದು. ಶೀತದೇಶಗಳಲ್ಲಿ ನೆಲಮಾಳಿಗೆಯ ಕುಲುಮೆಯೊಂದು ಮನೆಯ ಕೋಣೆ ಕೋಣೆಗೂ ಉಷ್ಣವನ್ನು ಹಂಚುತ್ತದೆ. ನಮ್ಮಲ್ಲಿ ಅಂತಹ ವ್ಯವಸ್ಥೆಯಿಲ್ಲ, ಅದರ ಅಗತ್ಯವೂ ಇಲ್ಲ. ಚಳಿಗಾಲದ ರಾತ್ರಿಗಳಲ್ಲಿ ಸುಮಾರು 16 ಡಿಗ್ರಿಗೆ, ಒಮ್ಮೊಮ್ಮೆ ಅದಕ್ಕೂ ಕೆಳಕ್ಕೆ ಇಳಿಯುವ ಮೈಸೂರಿನ ಥಂಡಿಯನ್ನು ಎದುರಿಸಲು ಮನೆಯವರಿಗೆ ಇರುವ ಸಾಧನಗಳು ಮೂರೇ: ಕಂಬಳಿ, ಕಾಫಿ, ಬಚ್ಚಲುಮನೆಯ ಬಿಸಿನೀರು. ಇವುಗಳಲ್ಲಿ ಮೊದಲಿನ ಎರಡು ಕೆಟ್ಟುಹೋಗುವ ವಸ್ತುಗಳಲ್ಲ. ಮೂರನೆಯದು ಕೈಕೊಟ್ಟಾಗ ಮಾತ್ರ ಮನೆಯ ವೃದ್ಧರೂ ಕೂಸುಗಳೂ ಪಡುವ ಪಾಡನ್ನು ಕಂಡವರು ಅದನ್ನು ಸಣ್ಣ ತೊಂದರೆಯೆಂದು ಹೇಳಲಾರರು. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಅದು ಕೈಕೊಟ್ಟಿತು. ಅದರ ಕಾರಣವನ್ನು ಹುಡುಕಿಕೊಂಡು ಹೋದ ಬಗೆಯನ್ನು ಇಲ್ಲಿ ತುಸು ವಿವರವಾಗಿ ಹೇಳುವ ಉದ್ದೇಶವುಂಟು. ಏಕೆಂದರೆ ಇದೇ ದೂರು ಈ ಬಡಾವಣೆಯ ಹಲವು ತಾರಸಿಗಳ ಮೇಲಿಂದ ಪ್ರತಿವರ್ಷವೂ ಕೇಳಿಬರುತ್ತದೆ, ಮತ್ತು ಹಲವರು ಕಾರಣವನ್ನು ತಿಳಿಯದೆಯೇ ಸಾವಿರಾರು ರೂಪಾಯಿಗಳನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಅಜ್ಜಿಯ ಕಾಲದಲ್ಲಿ ಈ ವಿಷಯದಲ್ಲಿ ಗೊಂದಲವಿರಲಿಲ್ಲ. ಬಚ್ಚಲುಮನೆಯ ಮೂಲೆಯಲ್ಲಿ ಇಟ್ಟಿಗೆ ಮಣ್ಣುಗಳಿಂದ ಕಟ್ಟಿದ ಒಲೆ, ಅದರ ಮೇಲೆ ಕತ್ತಿನವರೆಗೆ ಹುದುಗಿಸಿದ ತಾಮ್ರದ ಹಂಡೆ, ಒಲೆಯ ಬಾಯಿ ಹಿತ್ತಿಲ ಕಡೆಗೆ, ಹೊಗೆ ಹೋಗಲು ಗೋಡೆಯಲ್ಲಿ ಒಂದು ಗೂಡು. ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಾಗಿ ಉಷ್ಣವನ್ನು ಸಾಗಿಸಬಲ್ಲ ತಾಮ್ರವನ್ನು ಹಂಡೆಗೆ ಆರಿಸಿದವರು ಭೌತಶಾಸ್ತ್ರವನ್ನು ಓದಿದವರಲ್ಲ. ಆದರೆ ತೆಂಗಿನ ಮಟ್ಟೆ, ಕರಟ, ಒಣಗರಿಗಳ ಅಲ್ಪಾಯುಷಿಯಾದ ಬೆಂಕಿಯಿಂದಲೇ ನೀರು ಕಾಯಬೇಕಾದರೆ ಪಾತ್ರೆ ಯಾವುದಾಗಿರಬೇಕೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಹಂಡೆಯ ಸುತ್ತಣ ದಪ್ಪ ಮಣ್ಣಿನ ಕಟ್ಟೆ ಒಂದು ಸಲ ಕಾದರೆ ಬೇಗ ಆರುತ್ತಿರಲಿಲ್ಲ. ಮುಂಜಾನೆ ನಾಲ್ಕಕ್ಕೆ ಹೂಡಿದ ಬೆಂಕಿ ಏಳಕ್ಕೆ ನಂದಿದರೂ, ಹತ್ತು ಗಂಟೆಗೆ ಶಾಲೆಯಿಲ್ಲದ ದಿನ ತಡವಾಗಿ ಮೀಯುವ ಮಗುವಿಗೆ ಸಾಲುವಷ್ಟು ಬಿಸಿ ಆ ಕಟ್ಟೆಯಲ್ಲಿ ಉಳಿದಿರುತ್ತಿತ್ತು. ಉಳಿದ ಕೆಂಡವನ್ನು ಅಗ್ಗಿಷ್ಟಿಕೆಗೆ ಬಾಚಿ ನಡುಮನೆಗೆ ತಂದರೆ ಬಾಣಂತಿಗೆ ಕಾವು. ಬೂದಿ ಪಾತ್ರೆ ತಿಕ್ಕಲು. ಹುಟ್ಟಿದ ಉಷ್ಣದಲ್ಲಿ ವ್ಯರ್ಥವಾಗುತ್ತಿದ್ದುದು ಹೊಗೆಯೊಡನೆ ಹೊರಟುಹೋದದ್ದು ಮಾತ್ರ, ಅದು ಸಣ್ಣ ಪಾಲೇನೂ ಅಲ್ಲವೆಂಬುದು ನಿಜ. ಆ ಹೊಗೆಯಿಂದ ಕಣ್ಣು ಕೆಂಪಗಾಗಿಸಿಕೊಂಡವರು ಹೆಂಗಸರೆಂಬುದು ಅದಕ್ಕಿಂತ ದೊಡ್ಡ ನಿಜ. ಆ ಒಲೆ ಮತ್ತೆ ಬರಲಿ ಎಂದು ನಾನು ಹೇಳಲಾರೆ.

ಆದರೆ ಆ ವ್ಯವಸ್ಥೆಯೊಡನೆ ಇದ್ದ ಒಂದು ಕ್ರಮವನ್ನು ನಾವು ಕಳೆದುಕೊಂಡಿದ್ದೇವೆ, ಅದರ ಬಗ್ಗೆ ನನಗೆ ನಿಜವಾದ ವ್ಯಸನವಿದೆ. ದೀಪಾವಳಿಯಲ್ಲಿ ತ್ರಯೋದಶಿಯ ಸಂಜೆಯದು ‘ನೀರು ತುಂಬುವ ಹಬ್ಬ’. ಅಂದು ಹಂಡೆಯನ್ನು ಕಟ್ಟೆಯಿಂದ ಬಿಡಿಸಿ, ಹುಣಸೆಹಣ್ಣು ಬೂದಿಗಳಿಂದ ಹೊರಮೈಯನ್ನು ಉಜ್ಜಿ, ಒಳಗಿನ ತಳದಲ್ಲಿ ವರ್ಷವಿಡೀ ಕೂತ ಸುಣ್ಣದ ಪಕ್ಕನ್ನು ಕೆರೆದು ತೆಗೆದು, ಒಲೆಯ ಬೂದಿಯನ್ನು ಪೂರ್ತಿ ಬಾಚಿ, ಹೊಗೆಗೂಡಿನ ಮಸಿಯನ್ನು ಕೋಲಿಗೆ ಕಟ್ಟಿದ ಪೊರಕೆಯಿಂದ ಕೆಡವಿ, ಕಟ್ಟೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹಂಡೆಯ ಕತ್ತಿಗೆ ಹೂವು ಸುತ್ತಿ, ಹೊಸ ನೀರನ್ನು ತುಂಬಿ, ಪೂಜೆ ಮಾಡಿ, ಮರುದಿನ ನರಕಚತುರ್ದಶಿಯ ನಸುಕಿನಲ್ಲಿ ಮನೆಮಂದಿಯೆಲ್ಲ ಎಣ್ಣೆನೀರು ಹಾಕಿಕೊಳ್ಳುತ್ತಿದ್ದರು. ಪೂಜೆಯ ಮಾತನ್ನು ಬದಿಗಿಟ್ಟು ನೋಡಿದರೂ ಅದು ಏನು? ಚಳಿ ಇಳಿಯುವುದಕ್ಕೆ ಮೂರು ನಾಲ್ಕು ವಾರಗಳ ಮುಂಚೆ, ಮನೆಯ ಉಷ್ಣವ್ಯವಸ್ಥೆಯನ್ನು ಬಿಚ್ಚಿ, ತೊಳೆದು, ಪರೀಕ್ಷಿಸಿ, ಮರುದಿನವೇ ಪೂರ್ಣಭಾರ ಹೊರಿಸಿ ನೋಡುವ ವಾರ್ಷಿಕ ತಪಾಸಣೆ. ಇಂದು ಹಂಡೆಯಿಲ್ಲದ ಮನೆಯವರು ಪ್ಲಾಸ್ಟಿಕ್ ಬಕೆಟ್ಟಿಗೆ ಕುಂಕುಮವಿಟ್ಟು ಹಬ್ಬವನ್ನು ಉಳಿಸಿಕೊಂಡಿದ್ದಾರೆ; ತಾರಸಿಯ ಮೇಲೆ ಕುಳಿತಿರುವ ನಿಜವಾದ ಹಂಡೆಯ ಹತ್ತಿರ ಆ ದಿನ ಯಾರೂ ಹೋಗುವುದಿಲ್ಲ.

ತಾರಸಿಯ ಹಂಡೆಯೆಂದರೆ ಸೋಲಾರ್. ಕರ್ನಾಟಕದಲ್ಲಿ ಅದು ಹರಡಿದಷ್ಟು ಭಾರತದ ಬೇರೆ ಕಡೆಗಳಲ್ಲಿ ಹರಡಿದ್ದು ಕಡಮೆ. 2007ರಲ್ಲಿ ರಾಜ್ಯ ಸರ್ಕಾರವು ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿದ್ದೂ, ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿಯ ರಿಯಾಯಿತಿ ಬಹುಕಾಲ ನಡೆದುಬಂದದ್ದೂ ಅದಕ್ಕೆ ನೆರವಾದುವು. ಬಿಸಿಲಿನಿಂದ ನೀರನ್ನು ಕಾಯಿಸುವ ಯೋಚನೆ ಮಾತ್ರ ಇಂದಿನದಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ಸೂರ್ಯನ ಉಷ್ಣವನ್ನು ಹಿಡಿದಿಡಬಹುದೆಂದು ಸ್ವಿಟ್ಜರ್ಲೆಂಡಿನ ಸೋಸ್ಯೂರ್ 1767ರಲ್ಲಿಯೇ ತೋರಿಸಿದ್ದನು. 1891ರಲ್ಲಿ ಅಮೆರಿಕದ ಕೆಂಪ್ ಎಂಬಾತನು ನೀರಿನ ತೊಟ್ಟಿಯನ್ನೇ ಗಾಜಿನ ಪೆಟ್ಟಿಗೆಯೊಳಗಿಟ್ಟು ಮಾರಾಟಕ್ಕೆ ತಂದನು. ಆದರೆ ಹಗಲು ಕಾದ ನೀರು ರಾತ್ರಿ ಅದೇ ಗಾಜಿನ ಮೂಲಕ ಆರಿಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಎಂಬಾತನು ಬಿಸಿಲು ಹಿಡಿಯುವ ಭಾಗವನ್ನೂ ನೀರು ಕೂಡಿಡುವ ಭಾಗವನ್ನೂ ಬೇರ್ಪಡಿಸಿ, ಎರಡನೆಯದಕ್ಕೆ ಬೆಚ್ಚನೆಯ ಹೊದಿಕೆ ಹೊದಿಸಿದನು. ತನ್ನ ಯಂತ್ರಕ್ಕೆ ಅವನಿಟ್ಟ ಹೆಸರು ‘ಡೇ ಅಂಡ್ ನೈಟ್’. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ನಮ್ಮ ಪತ್ತೆದಾರಿಕೆಯೆಲ್ಲ ಹಗಲು ಮತ್ತು ರಾತ್ರಿ ಎಂಬ ಈ ಎರಡು ಶಬ್ದಗಳ ಮೇಲೆಯೇ ನಿಂತಿದೆ.

ಯಂತ್ರದ ಕೆಲಸ ಸರಳವಾದುದು. ಬಿಸಿಲಿಗೆ ಒಡ್ಡಿದ ಕಪ್ಪು ಫಲಕದ ತಾಮ್ರದ ಕೊಳವೆಗಳಲ್ಲಿ, ಅಥವಾ ಈಚೆಗೆ ಹೆಚ್ಚಾಗಿ ಕಾಣುವ ಗಾಜಿನ ನಳಿಗೆಗಳಲ್ಲಿ, ನೀರು ಕಾದು ಹಗುರವಾಗಿ ಮೇಲಕ್ಕೇರಿ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಯ ತಳದ ತಣ್ಣೀರು ಭಾರವಾದುದರಿಂದ ಕೆಳಕ್ಕಿಳಿದು ಅದರ ಜಾಗವನ್ನು ಹಿಡಿಯುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ದಿನವಿಡೀ ನೀರು ತಾನಾಗಿ ಸುತ್ತುತ್ತದೆ. ಫಲಕದ ಯಂತ್ರಗಳಲ್ಲಿ ತೊಟ್ಟಿ ಮೇಲೆಯೇ ಇರಬೇಕು, ಕೊಳವೆ ಎಲ್ಲಿಯೂ ತಗ್ಗದೆ ಏರುತ್ತಲೇ ಹೋಗಬೇಕು. ನಡುವೆ ಎಲ್ಲಿಯಾದರೂ ಅದು ಗೂನು ಬಿದ್ದರೆ ಅಲ್ಲಿ ಗಾಳಿ ಕಟ್ಟಿ ಈ ಮೌನಪ್ರವಾಹ ನಿಂತುಹೋಗುತ್ತದೆ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ವಿದ್ಯುತ್ತಾದರೆ ನಾಲ್ಕೂವರೆ ಯೂನಿಟ್ಟಿಗೂ ಮಿಕ್ಕು ಬೇಕು. ಅಷ್ಟನ್ನು ಸೂರ್ಯನು ದಿನವೂ ಬೇಡದೆಯೇ ಕೊಟ್ಟುಹೋಗುತ್ತಾನೆ.

ಕೊಡುತ್ತಿದ್ದವನು ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಗೆ ಕೊಡುವುದನ್ನು ನಿಲ್ಲಿಸಿದಂತೆ ತೋರಿತು. ಏಪ್ರಿಲಿನಲ್ಲಿ ಕೈಯಿಡಲಾಗದಷ್ಟು ಕಾಯುತ್ತಿದ್ದ ನೀರು ಈಗ ಬೆಳಿಗ್ಗೆ ಉಗುರುಬೆಚ್ಚಗೆ, ಕೆಲವು ದಿನ ಅದೂ ಇಲ್ಲ. ಎಂಬತ್ತು ದಾಟಿದ ನನ್ನ ಸೋದರತ್ತೆ ಎರಡು ವಾರ ಏನೂ ಹೇಳದೆ ಸ್ನಾನ ಮಾಡಿ, ಆಮೇಲೆ ಜ್ವರದಿಂದ ಮಲಗಿದಾಗಲೇ ನಮಗೆ ವಿಷಯದ ಗಂಭೀರತೆ ತಿಳಿದುದು. ಕರೆಸಿದ ರಿಪೇರಿಯವನು ಹತ್ತು ನಿಮಿಷ ತಾರಸಿಯ ಮೇಲಿದ್ದು, ತೊಟ್ಟಿಯ ಆಯುಸ್ಸು ತೀರಿತೆಂದೂ ಹೊಸದನ್ನೇ ಕೂರಿಸಬೇಕೆಂದೂ ಹೇಳಿ ಹೋದನು. ಇರಬಹುದು, ತೊಟ್ಟಿಗಳಿಗೂ ಆಯುಸ್ಸುಂಟು. ಆದರೆ ತೊಟ್ಟಿಯೊಳಗೆ ಬಿಸಿ ಹುಟ್ಟಲೇ ಇಲ್ಲವೋ, ಹುಟ್ಟಿದ ಬಿಸಿ ಉಳಿಯಲಿಲ್ಲವೋ ಎಂಬುದನ್ನು ಅವನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳದೆ ಹೇಳಿದ ತೀರ್ಪನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ.

ಈ ಪ್ರಶ್ನೆಗೆ ಉತ್ತರ ಕೊಡಲು ಬೇಕಾದುದು ಔಷಧದ ಅಂಗಡಿಯ ಜ್ವರಮಾಪಕವಲ್ಲ, ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ, ನೂರು ಡಿಗ್ರಿಯವರೆಗೆ ತೋರಿಸುವ ಒಂದು ಉಷ್ಣಮಾಪಕ. ಸಂಜೆ ಐದೂವರೆಗೆ, ಬಿಸಿಲು ಇಳಿದು ಇನ್ನೂ ಯಾರೂ ನೀರು ಬಳಸದ ಹೊತ್ತಿಗೆ, ತೊಟ್ಟಿಗೆ ಅತಿ ಹತ್ತಿರದ ನಲ್ಲಿಯಿಂದ ಒಂದು ಚೆಂಬು ನೀರು ಹಿಡಿದು ಅಳೆಯಬೇಕು. ರಾತ್ರಿ ಯಾರೂ ಬಿಸಿನೀರು ಮುಟ್ಟದಂತೆ ನೋಡಿಕೊಂಡು, ಬೆಳಗ್ಗೆ ಐದೂವರೆಗೆ ಅದೇ ನಲ್ಲಿಯಿಂದ ಮತ್ತೊಂದು ಚೆಂಬು. ಸಂಜೆ 58, ಬೆಳಗ್ಗೆ 52 ಎಂದು ಬಂದರೆ ವ್ಯವಸ್ಥೆ ಆರೋಗ್ಯವಾಗಿದೆ, ದೋಷವಿದ್ದರೆ ಕೆಳಗಿನ ಕೊಳವೆಗಳಲ್ಲಿ. ಸಂಜೆ ಬಿಸಿಯಾಗಿದ್ದು ಬೆಳಗ್ಗೆ ಆರಿದ್ದರೆ ಕಳ್ಳನು ರಾತ್ರಿಯವನು. ಸಂಜೆಯೇ ಬಿಸಿಯಿಲ್ಲದಿದ್ದರೆ ಹಗಲಿನವನು. ನಮ್ಮ ತೊಟ್ಟಿ ಸಂಜೆ 41, ಬೆಳಗ್ಗೆ 30 ಎಂದು ಹೇಳಿತು. ಹಗಲೂ ಕಳವು, ರಾತ್ರಿಯೂ ಕಳವು! ಒಂದೇ ಕಾರಣವನ್ನು ಹುಡುಕುತ್ತ ಹೊರಟವನಿಗೆ ಎರಡು ಕಾರಣಗಳು ಒಂದರ ಬೆನ್ನಿಗೆ ಒಂದು ಅಡಗಿ ಕುಳಿತಿದ್ದುವೆಂಬ ಅರಿವು ಆ ಎರಡು ಚೆಂಬು ನೀರಿನಿಂದ ಬಂದಿತು.

ಹಗಲಿನ ವಿಷಯವನ್ನು ಮೊದಲು ತೆಗೆದುಕೊಂಡೆ. ನಮ್ಮದು ಗಾಜಿನ ನಳಿಗೆಗಳ ಯಂತ್ರ. ಪ್ರತಿಯೊಂದು ನಳಿಗೆಯೂ ಒಂದರೊಳಗೊಂದು ಇಟ್ಟ ಎರಡು ಗಾಜುಗಳಿಂದ ಆದುದು. ನಡುವೆ ಗಾಳಿಯನ್ನು ತೆಗೆದ ನಿರ್ವಾತ. ಒಳಗಿನ ಬಿಸಿ ಹೊರಕ್ಕೆ ಬಾರದಂತೆ ತಡೆಯುವುದು ಆ ನಿರ್ವಾತವೇ. ನಡುಹಗಲಿನಲ್ಲಿ ಕೈಯಿಟ್ಟು ನೋಡಿದರೆ ಒಳ್ಳೆಯ ನಳಿಗೆ ಹೊರಗೆ ತಣ್ಣಗಿರುತ್ತದೆ, ಕೆಟ್ಟದ್ದು ಬಿಸಿಯಾಗಿರುತ್ತದೆ. ಇನ್ನೊಂದು ಗುರುತು ಕಣ್ಣಿಗೇ ಕಾಣುವಂತಹುದು: ನಳಿಗೆಯ ಮುಚ್ಚಿದ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪವಿರುತ್ತದೆ; ಒಳಕ್ಕೆ ಗಾಳಿ ನುಗ್ಗಿದೊಡನೆ ಅದು ಹಾಲಿನಂತೆ ಬಿಳುಪೇರುತ್ತದೆ. ನಾನು ತಾರಸಿಯ ಮೇಲೆ ಮಂಡಿಯೂರಿ ಒಂದೊಂದು ತುದಿಯನ್ನೂ ಒದ್ದೆಬಟ್ಟೆಯಿಂದ ಒರೆಸಿ ನೋಡಿದೆ. ಎಲ್ಲವೂ ಬೆಳ್ಳಿಯೇ. ಒರೆಸಿದ ಬಟ್ಟೆ ಮಾತ್ರ ಅಶೋಕ ರಸ್ತೆಯ ವಾಹನಗಳ ಮಸಿಯಿಂದ ಕಪ್ಪಾಗಿತ್ತು. ಗಾಜನ್ನೆಲ್ಲ ತೊಳೆದೆ, ಸಂಜೆಯ ನೀರು ಎರಡು ಡಿಗ್ರಿ ಏರಿತು. ಎರಡೇ.

ಮರುದಿನ ಭಾನುವಾರ. ಬೆಳಗ್ಗೆ ಎಂಟರಿಂದ ಸಂಜೆಯವರೆಗೆ ಗಂಟೆಗೊಮ್ಮೆ ತಾರಸಿಗೆ ಹೋಗಿ ನೋಡುವುದೆಂದು ನಿಶ್ಚಯಿಸಿದೆ, ಮತ್ತು ಒಂಬತ್ತೂವರೆಯ ಹೊತ್ತಿಗೇ ಕಾರಣ ಕಣ್ಣೆದುರು ಮಲಗಿತ್ತು. ನಮ್ಮ ದಕ್ಷಿಣಕ್ಕೆ ಅಂಟಿಕೊಂಡಂತಿರುವ ಮನೆಯವರು ಹಿಂದಿನ ಬೇಸಿಗೆಯಲ್ಲಿ ಇನ್ನೊಂದು ಅಂತಸ್ತನ್ನು ಎತ್ತಿದ್ದರು. ಅದರ ಗೋಡೆಯ ನೆರಳು ನಮ್ಮ ನಳಿಗೆಗಳ ಮೇಲೆ ಕರಿಯ ಜಮಖಾನೆಯಂತೆ ಹಾಸಿತ್ತು. ಗೋಡೆ ಎದ್ದ ಕೂಡಲೇ ನಮಗೆ ಇದು ಹೊಳೆಯಲಿಲ್ಲವೇಕೆ? ಮೈಸೂರು ಸಮಭಾಜಕವೃತ್ತದಿಂದ ಸುಮಾರು ಹನ್ನೆರಡೂಕಾಲು ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್ 22ರ ಆಸುಪಾಸಿನಲ್ಲಿ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಅಲ್ಲಿಂದ ಆಗಸ್ಟಿನ ಮೂರನೆಯ ವಾರದವರೆಗೆ ನಡುಹಗಲಿನಲ್ಲಿ ಅವನು ನಮಗೆ ಉತ್ತರಕ್ಕೇ ಇರುತ್ತಾನೆ. ಆ ಕಾಲದಲ್ಲಿ ದಕ್ಷಿಣದ ಗೋಡೆ ಎಷ್ಟು ಎತ್ತರವಿದ್ದರೂ ಅದರ ನೆರಳು ನಡುಹಗಲಿನಲ್ಲಿ ನಮ್ಮ ಕಡೆಗೆ ಬೀಳುವುದೇ ಇಲ್ಲ. ಆಮೇಲೆ ದಿನದಿನಕ್ಕೂ ದಕ್ಷಿಣಕ್ಕೆ ಸರಿಯುತ್ತ, ಡಿಸೆಂಬರ್ 21-22ರ ಹೊತ್ತಿಗೆ ಅವನು ನಡುಹಗಲಿನಲ್ಲಿಯೂ ಕ್ಷಿತಿಜದಿಂದ 54 ಡಿಗ್ರಿಗಿಂತ ಮೇಲೇರಲಾರನು. ಅಂದು ಹತ್ತಡಿಯ ಗೋಡೆಗೆ ನಟ್ಟನಡುಹಗಲಿನಲ್ಲಿಯೇ ಏಳಡಿಯಷ್ಟು ನೆರಳು. ಬೆಳಗಿನ ಒಂಬತ್ತೂವರೆಗೆ ವಾಯವ್ಯಕ್ಕೆ ಓರೆಯಾಗಿ ಹದಿನೈದಡಿ. ಇಲ್ಲಿ ನಡುಹಗಲೆಂದರೆ ಗಡಿಯಾರದ ಹನ್ನೆರಡಲ್ಲ, ಸುಮಾರು ಹನ್ನೆರಡು ಗಂಟೆ ಇಪ್ಪತ್ತು ನಿಮಿಷ, ಏಕೆಂದರೆ ನಮ್ಮ ಗಡಿಯಾರಗಳು ನಮಗಿಂತ ಪೂರ್ವದಲ್ಲಿರುವ ರೇಖೆಯೊಂದರ ಕಾಲವನ್ನು ತೋರಿಸುತ್ತವೆ.

ಎಂದರೆ, ಬಿಸಿನೀರು ಅತ್ಯಂತ ಬೇಕಾಗುವ ಮಾಸದಲ್ಲಿಯೇ ನೆರಳು ಅತ್ಯಂತ ಉದ್ದವಾಗಿರುತ್ತದೆ. ಲಷ್ಕರ್ ಮೊಹಲ್ಲಾದಂತಹ ಹಳೆಯ ಬಡಾವಣೆಗಳಲ್ಲಿ, ಮಂಗಳೂರು ಹೆಂಚಿನ ತಗ್ಗು ಮನೆಗಳು ಒಂದೊಂದಾಗಿ ಮಾಯವಾಗಿ, ಅವುಗಳ ಜಾಗದಲ್ಲಿ ಇಪ್ಪತ್ತಡಿ ಅಗಲದ ನಿವೇಶನದ ಮೇಲೆ ಮೂರು ನಾಲ್ಕು ಅಂತಸ್ತುಗಳು ಏಳುತ್ತಿರುವ ಈ ದಿನಗಳಲ್ಲಿ, ತಾರಸಿಯ ಬಿಸಿಲೂ ನೆಲದ ನೀರಿನಂತೆಯೇ ನೆರೆಹೊರೆಯವರು ಹಂಚಿಕೊಳ್ಳಬೇಕಾದ ವಸ್ತುವಾಗಿದೆ. ಮನೆ ಎತ್ತರಿಸುವವರು ತಮ್ಮ ಹಕ್ಕಿನಲ್ಲಿಯೇ ಎತ್ತರಿಸುತ್ತಾರೆ, ನಮ್ಮ ನೆರೆಯವರ ಮೇಲೆ ನಾನು ದೂರು ಹೇಳುತ್ತಿಲ್ಲ. ಅವರೇ ಬಂದು, ನಮ್ಮ ಚೌಕಟ್ಟನ್ನು ತಾರಸಿಯ ಉತ್ತರದ ಅಂಚಿಗೆ ಹನ್ನೆರಡಡಿ ಸರಿಸಲು ಹೆಗಲು ಕೊಟ್ಟರು. ಆದರೆ ನಕ್ಷೆ ಬರೆಯುವವರೂ ಅದಕ್ಕೆ ಮಂಜೂರಾತಿ ಕೊಡುವವರೂ ಉತ್ತರದ ಮನೆಯ ಡಿಸೆಂಬರ್ ಬಿಸಿಲನ್ನು ಒಂದು ಗೆರೆಯಲ್ಲಾದರೂ ಗುರುತಿಸುವಂತಾಗಬೇಕು. ಯಂತ್ರವನ್ನು ಕಡ್ಡಾಯಮಾಡಿ ಬಿಸಿಲನ್ನು ಮರೆತರೆ ಆ ಕಡ್ಡಾಯಕ್ಕೆ ಅರ್ಥವೇನು?

ಸರಿಸಿದ ದಿನದಿಂದ ಸಂಜೆಯ ನೀರು 56ಕ್ಕೆ ಏರಿತು. ಬೆಳಗಿನದು 44. ರಾತ್ರಿಯ ಕಳ್ಳನು ಇನ್ನೂ ಒಳಗೇ ಇದ್ದನು.

ಹನ್ನೆರಡು ಗಂಟೆಗಳಲ್ಲಿ ಹನ್ನೆರಡು ಡಿಗ್ರಿ ಇಳಿಯುವುದು ಒಳ್ಳೆಯ ಹೊದಿಕೆಯ ತೊಟ್ಟಿಯ ಲಕ್ಷಣವಲ್ಲ. ಹೊದಿಕೆಯ ಸ್ಪಂಜಿಗೆ ನೀರು ಇಳಿದಿರಬಹುದೆಂದು ಊಹಿಸಿ ತೊಟ್ಟಿಯ ಮೈಯನ್ನು ತಡವಿ ನೋಡಿದೆ. ಎಲ್ಲಿಯೂ ಬೆಚ್ಚಗಿಲ್ಲ. ಒಳಗಿನ ಬಿಸಿ ಗೋಡೆಯ ಮೂಲಕ ಸೋರುತ್ತಿದ್ದರೆ ಹೊರಮೈ ಬೆಚ್ಚಗಾಗಲೇಬೇಕು. ಹಾಗಾದರೆ ಹೋಗುತ್ತಿರುವುದು ನೀರೇ. ಆದರೆ ಎಲ್ಲಿಯೂ ನಲ್ಲಿ ತೊಟ್ಟಿಕ್ಕುತ್ತಿಲ್ಲ, ತಾರಸಿ ಒದ್ದೆಯಿಲ್ಲ. ಮೂರು ದಿನ ನಾನು ಇದನ್ನು ಬಿಡಿಸಲಾರದೆ ಇದ್ದೆ. ಬಿಡಿಸಿದವರು ಸೋದರತ್ತೆ. ಜ್ವರ ಬಿಟ್ಟು ಎದ್ದ ಅವರು ಒಂದು ಮುಂಜಾನೆ, ಹೇಳಬೇಕೋ ಬೇಡವೋ ಎಂಬ ಸಂಕೋಚದಿಂದ, ‘ಅಲ್ಲಪ್ಪ, ತಣ್ಣೀರಿನ ನಲ್ಲಿ ತಿರುಗಿಸಿದರೆ ಮೊದಲು ಬರೋದು ಬೆಚ್ಚನೆ ನೀರಲ್ಲವೇ, ಅದು ಹೇಗೆ?’ ಎಂದು ಕೇಳಿದರು.

ಆ ಒಂದು ಮಾತಿನಲ್ಲಿ ಎಲ್ಲವೂ ಇತ್ತು. ಮೇಲಿನ ಮಹಡಿಯ ಸ್ನಾನಗೃಹದಲ್ಲಿ ಬಿಸಿನೀರು ತಣ್ಣೀರು ಎರಡನ್ನೂ ಬೆರೆಸುವ ಮಿಕ್ಸರ್ ನಲ್ಲಿಯುಂಟು. ಅದರ ತುದಿಗೆ ಕೈಶವರ್, ಕೈಶವರಿನ ಹಿಡಿಯಲ್ಲಿ ಮತ್ತೊಂದು ಗುಂಡಿ. ಹುಡುಗರು ಸ್ನಾನ ಮುಗಿಸಿ ಹಿಡಿಯ ಗುಂಡಿಯನ್ನು ಮಾತ್ರ ಒತ್ತಿ ನಿಲ್ಲಿಸಿ, ಗೋಡೆಯ ಎರಡು ತಿರುಪುಗಳನ್ನು ತೆರೆದೇ ಬಿಟ್ಟು ಬರುತ್ತಿದ್ದರು. ಆಗ ಹೊರಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ, ನಿಜ. ಆದರೆ ಗೋಡೆಯೊಳಗೆ ಬಿಸಿನೀರಿನ ಕೊಳವೆಗೂ ತಣ್ಣೀರಿನ ಕೊಳವೆಗೂ ನಡುವಣ ಬಾಗಿಲು ತೆರೆದೇ ಇರುತ್ತದೆ. ರಾತ್ರಿ ಯಾರಾದರೂ ಕೈತೊಳೆಯಲು ತಣ್ಣೀರು ತಿರುಗಿಸಿದಾಗ, ಶೌಚಗೃಹದ ತೊಟ್ಟಿ ತುಂಬಿಕೊಳ್ಳುವಾಗ, ಆ ಬಾಗಿಲಿನ ಮೂಲಕ ತಾರಸಿಯ ಬಿಸಿನೀರು ಸದ್ದಿಲ್ಲದೆ ತಣ್ಣೀರಿನ ಕೊಳವೆಗೆ ನುಸುಳುತ್ತಿತ್ತು. ಹೋದಷ್ಟೇ ತಣ್ಣೀರು ಮೇಲೆ ಬಿಸಿತೊಟ್ಟಿಯ ತಳಕ್ಕೆ ಬಂದು ಸೇರುತ್ತಿತ್ತು. ನಾವು ಸೂರ್ಯನ ಬಿಸಿಯನ್ನು ಶೌಚಗೃಹಕ್ಕೆ ಸುರಿಯುತ್ತಿದ್ದೆವು. ತಿರುಪುಗಳನ್ನು ಮುಚ್ಚಿಸಿದೆ, ಹುಡುಗರ ನೆನಪನ್ನು ಪೂರ್ತಿ ನಂಬಲಾಗದೆ, ನೀರು ಹಿಂದಿರುಗದಂತೆ ತಡೆಯುವ ಹಿತ್ತಾಳೆಯ ವಾಲ್ವನ್ನು ಎರಡು ಕೊಳವೆಗಳಿಗೂ ಪ್ಲಂಬರನಿಂದ ಕೂರಿಸಿದೆ. ಮರುದಿನ ಬೆಳಗ್ಗೆ ಉಷ್ಣಮಾಪಕ 51 ಎಂದು ತೋರಿಸಿತು. ಹೊಸ ತೊಟ್ಟಿಯ ಬೆಲೆಗೆ ಹೋಲಿಸಿದರೆ ನಮಗಾದ ಖರ್ಚು ನಗಣ್ಯ.

ನಮ್ಮ ಮನೆಯಲ್ಲಿ ಕಾಣದ ದೋಷಗಳೂ ಉಂಟು. ‘ಬಿಸಿ ಬರಬೇಕಾದರೆ ಎರಡು ಬಕೆಟ್ ನೀರು ಸುಮ್ಮನೆ ಬಿಡಬೇಕು, ಕೊಳವೆ ಉದ್ದ ನೋಡಿ’ ಎಂದು ಹೇಳುವವರು ಬಹಳ. ಮುಕ್ಕಾಲಂಗುಲದ ಕೊಳವೆ ನಲವತ್ತಡಿ ಉದ್ದವಿದ್ದರೂ ಅದರೊಳಗೆ ನಿಲ್ಲುವ ನೀರು ಸುಮಾರು ನಾಲ್ಕು ಲೀಟರು, ಕಾಲು ಬಕೆಟ್. ಎರಡು ಬಕೆಟ್ ತಣ್ಣೀರು ಬಂದರೆ ದೋಷ ಉದ್ದದಲ್ಲಿಲ್ಲ. ಎಲ್ಲಿಯೋ ತಣ್ಣೀರು ಬೆರೆಯುತ್ತಿದೆ. ತಾರಸಿಯ ಬಿಸಿತೊಟ್ಟಿಯಿಂದ ಮೇಲಕ್ಕೆ ನಿಂತಿರುವ ಗಾಳಿಕೊಳವೆಯನ್ನು ‘ಇದೇಕೆ’ ಎಂದು ಮುಚ್ಚಿಬಿಟ್ಟವರೂ ಇದ್ದಾರೆ. ಅದು ತೊಟ್ಟಿಯ ಉಸಿರು, ಅದನ್ನು ಮುಚ್ಚಬಾರದು. ಕೊಳಾಯಿಗೆ ಬರುವ ಕಾವೇರಿಯ ನೀರಿನ ಬದಲು ಬೋರ್‌ವೆಲ್ಲಿನ ಗಡುಸು ನೀರನ್ನೇ ನಂಬಿದ ಮನೆಗಳಲ್ಲಿ ಫಲಕದ ಕೊಳವೆಗಳು ಸುಣ್ಣ ಕಟ್ಟಿ, ಹಳೆಯ ಹಂಡೆಯ ತಳದಂತೆಯೇ ಆಗುತ್ತವೆ. ಅಲ್ಲಿ ವರ್ಷಕ್ಕೊಮ್ಮೆ ತೊಳೆಸುವುದಲ್ಲದೆ ಅನ್ಯಮಾರ್ಗವಿಲ್ಲ. ವಿದ್ಯುತ್ ಗೀಸರಿನ ತಂತಿಸುರುಳಿಗೂ ಇದೇ ಸುಣ್ಣ ಶತ್ರು. 15 ಲೀಟರಿನ, ಎರಡು ಕಿಲೋವಾಟಿನ ಗೀಸರ್ 20 ಡಿಗ್ರಿಯ ನೀರನ್ನು 55ಕ್ಕೆ ಏರಿಸಲು ಇಪ್ಪತ್ತು ನಿಮಿಷ ಸಾಕು. ಮುಕ್ಕಾಲು ಗಂಟೆಯಾದರೂ ಕಾಯಲಿಲ್ಲವೆಂದರೆ ಎಲೆಕ್ಟ್ರಿಷಿಯನ್ನನನ್ನು ಕರೆಸಿ ತೆರೆಸಿ ನೋಡಬೇಕು.

ವಿಲಾಯತಿಯ ಎಡಿನ್‌ಬರೋದಲ್ಲಿರುವ ನನ್ನ ತಂಗಿಯ ಮಗ ಈ ಕಥೆಯನ್ನು ದೂರವಾಣಿಯಲ್ಲಿ ಕೇಳಿ, ತನ್ನ ಮನೆಯ ಕೋಣೆಯೊಂದು ಮಾತ್ರ ಬೆಚ್ಚಗಾಗುವುದಿಲ್ಲವೆಂದು ಹೇಳಿಕೊಂಡನು. ಅಲ್ಲಿನ ವ್ಯವಸ್ಥೆಯೂ ಒಂದು ಬಗೆಯ ಹಂಡೆಯೇ: ಒಂದೆಡೆ ಕಾದ ನೀರು ಕೊಳವೆಗಳಲ್ಲಿ ಸಾಗಿ ಕೋಣೆಕೋಣೆಯ ರೇಡಿಯೇಟರ್‌ಗಳನ್ನು ಕಾಯಿಸುತ್ತದೆ. ರೇಡಿಯೇಟರಿನ ಮೈಮೇಲೆ ಕೈಯಾಡಿಸಿ ನೋಡು ಎಂದೆ. ಮೇಲೆ ತಣ್ಣಗೆ, ಕೆಳಗೆ ಬಿಸಿ ಎಂದನು. ಅದು ಒಳಗೆ ಕಟ್ಟಿಕೊಂಡ ಗಾಳಿ. ಮೂಲೆಯ ಸಣ್ಣ ತಿರುಪನ್ನು ಕೀಲಿಯಿಂದ ಸಡಿಲಿಸಿ ಗಾಳಿಯನ್ನು ಬಿಟ್ಟರೆ ತೀರಿತು. ಮೇಲೆ ಬಿಸಿಯಾಗಿ ಕೆಳಗೆ ತಣ್ಣಗಿದ್ದರೆ ತಳದಲ್ಲಿ ಕೆಸರು ಕೂತಿದೆಯೆಂದು ತಿಳಿಯಬೇಕಿತ್ತು. ಹದಿನೈದು ನಿಮಿಷಗಳಲ್ಲಿ ಅವನ ಕೋಣೆ ಬೆಚ್ಚಗಾಗತೊಡಗಿತು. ಬಿಸಿಯ ಜಾಡನ್ನು ಕೈಯಿಂದ ಮುಟ್ಟಿ ಹಿಂಬಾಲಿಸುವ ಈ ಕ್ರಮ ಲಷ್ಕರಿಗೂ ಸಲ್ಲುತ್ತದೆ, ಸ್ಕಾಟ್ಲೆಂಡಿಗೂ ಸಲ್ಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಹೇಳದೆ ಬಿಡಲಾಗದ ಮಾತೊಂದಿದೆ, ಮತ್ತು ನನಗೆ ಅದು ಮೇಲಿನ ಎಲ್ಲಕ್ಕಿಂತ ಮುಖ್ಯವಾದುದು. ತಾರಸಿಯ ನೀರು ಆರಿದಾಗ ಜನ ಅವಸರದಲ್ಲಿ ಹೂಡುವ ಬದಲಿ ಏರ್ಪಾಡುಗಳಲ್ಲಿಯೇ ಪ್ರಾಣಾಪಾಯವಿರುವುದು. ಬಕೆಟ್ಟಿಗೆ ಇಳಿಬಿಟ್ಟ ಕಾಯಿಲ್ ಕಡ್ಡಿಯ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತ ಮೇಲಲ್ಲದೆ ನೀರನ್ನು ಮುಟ್ಟಬಾರದೆಂಬುದು ಎಲ್ಲರಿಗೂ ಗೊತ್ತು. ಗ್ಯಾಸ್ ಗೀಸರಿನ ವಿಷಯ ಹಾಗಲ್ಲ. ಅಲ್ಲಿ ಮೃತ್ಯು ಕಣ್ಣಿಗೆ ಕಾಣುವುದಿಲ್ಲ. ಕಿಟಕಿ ಮುಚ್ಚಿದ ಇಕ್ಕಟ್ಟಾದ ಬಚ್ಚಲಿನಲ್ಲಿ ಅನಿಲ ಉರಿಯುತ್ತಿದ್ದಂತೆ ಪ್ರಾಣವಾಯು ಕಡಮೆಯಾಗುತ್ತದೆ, ಉರಿ ಅರೆಬರೆಯಾಗುತ್ತದೆ, ಆಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಆಮೇಲೆ ಪ್ರಜ್ಞೆ ತಪ್ಪುವುದು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುವುದರಿಂದ ಹೊರಗಿನವರಿಗೆ ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಈ ನಾಡಿನ ಪತ್ರಿಕೆಗಳಲ್ಲಿ ಇಂತಹ ಸುದ್ದಿಯನ್ನು ಓದದೆ ಒಂದು ಚಳಿಗಾಲವೂ ಕಳೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟ ಇದ್ದಿಲಿನ ಅಗ್ಗಿಷ್ಟಿಕೆಯೂ ಇದೇ ವಿಷವನ್ನೇ ಕಾರುತ್ತದೆ. ನಮ್ಮ ಅಜ್ಜಿಯ ನಡುಮನೆಯಲ್ಲಿ ಅದು ಯಾರನ್ನೂ ಕೊಲ್ಲಲಿಲ್ಲವೆಂದರೆ, ಆ ಮನೆಯ ಹೆಂಚಿನ ಸಂದುಗಳೂ ತೊಟ್ಟಿಯಂಗಳದ ಬಯಲೂ ಗಾಳಿಯನ್ನು ಒಳಕ್ಕೆ ಬಿಡುತ್ತಿದ್ದುವು. ಇಂದಿನ ಕಾಂಕ್ರೀಟು ಕೋಣೆಯ ಜಾರುಗಾಜಿನ ಕಿಟಕಿ ಬಿಡುವುದಿಲ್ಲ. ಅಂದಿನ ಒಲೆಯ ಬಾಯಿ ಹಿತ್ತಿಲ ಕಡೆಗಿದ್ದುದಕ್ಕೂ ಅರ್ಥವಿತ್ತು.

ಆದುದರಿಂದ ಬರುವ ನೀರು ತುಂಬುವ ಹಬ್ಬದ ದಿನ ಹಗಲಲ್ಲೇ ತಾರಸಿ ಹತ್ತಿ ಗಾಜನ್ನು ತೊಳೆಯಿರಿ, ನೆರಳು ಎಲ್ಲಿಗೆ ಬರುತ್ತಿದೆಯೆಂದು ನೋಡಿರಿ, ಒಂದು ಚೆಂಬು ನೀರನ್ನು ಸಂಜೆಗೂ ಒಂದನ್ನು ಬೆಳಗ್ಗೆಗೂ ಅಳೆಯಿರಿ. ಗ್ಯಾಸ್ ಗೀಸರ್ ಬಚ್ಚಲಿನೊಳಗೇ ಇರುವ ಮನೆಯವರು ಅಷ್ಟು ದಿನ ಕಾಯಬಾರದು. ಈ ವಾರವೇ ಅದನ್ನು ಗೋಡೆಯಾಚೆಗೆ, ಬಯಲಿಗೆ ಹಾಕಿಸಬೇಕು, ಹಾಕಿಸುವವರೆಗೆ ಅದನ್ನು ಹೊತ್ತಿಸಬಾರದು.